ಸ್ಟೀಲ್ ಮೇಲಿನ ಆ್ಯಂಟಿ ಡಂಪಿಂಗ್ ಸುಂಕ: ಸರ್ಕಾರದ ಆದೇಶ ಓದುವುದು, ಲೆಕ್ಕ ಹಾಕುವುದು, ನಮ್ಮ ಮಾತು ಮುಟ್ಟಿಸುವುದು ಹೇಗೆ

2025ರ ಏಪ್ರಿಲ್ ಕೊನೆ. ಸಕಲೇಶಪುರದ ಕಡೆಯ ಒಬ್ಬ ಬೆಳೆಗಾರರಿಗೆ ಕಾಫಿ ಕಣದ ಪಕ್ಕ ಶೆಡ್ ಹಾಕಿಕೊಡುತ್ತೇನೆ ಅಂತ ರೇಟ್ ಬರೆದುಕೊಟ್ಟಿದ್ದೆ. ಹಾಸನದಲ್ಲಿ ನನ್ನದೊಂದು ಸಣ್ಣ ಫ್ಯಾಬ್ರಿಕೇಶನ್ ವರ್ಕ್‌ಶಾಪ್. ಮಾಲು ಎತ್ತುವ ದಿನ ಅಂಗಡಿಯಿಂದ ಫೋನ್ ಬಂತು. "ಅಣ್ಣ, ಆ್ಯಂಟಿ ಡಂಪಿಂಗ್ ಬಿದ್ದಿದೆ. ಕಂಬಿ, ಪೈಪು, ಶೀಟು ಎಲ್ಲಾ ಕೆಜಿಗೆ ಆರು ರೂಪಾಯಿ ಜಾಸ್ತಿ. ಇವತ್ತು ಎತ್ತಿದ್ರೆ ಸರಿ, ನಾಳೆ ಇನ್ನೂ ಏರುತ್ತೆ." ಬೆಳೆಗಾರರನ್ನು ಕೇಳಿದರೆ ಅವರು, "ಬರೆದು ಕೊಟ್ಟಿದ್ದೀರಲ್ಲ, ಅದೇ ರೇಟ್ ಅಲ್ವಾ" ಅಂದರು. ಅವರ ಮಾತೂ ನ್ಯಾಯವೇ. ವ್ಯತ್ಯಾಸವೆಲ್ಲ ನನ್ನ ಕೈಯಿಂದಲೇ ಹೋಯಿತು.

ಆಮೇಲೆ ಕೂತು ಆದೇಶ ಹುಡುಕಿ ಓದಿದೆ. ಆಗ ಬಿದ್ದಿದ್ದು ಆ್ಯಂಟಿ ಡಂಪಿಂಗ್ ಸುಂಕವೇ ಅಲ್ಲ. ಅದು ಶೇ 12ರ ಸೇಫ್‌ಗಾರ್ಡ್ ಸುಂಕ, 2025ರ ಏಪ್ರಿಲ್ 21ರಿಂದ 200 ದಿನಕ್ಕೆ ಹಾಕಿದ್ದು. ಅದೂ ಫ್ಲಾಟ್ ಸ್ಟೀಲ್ ಮೇಲೆ, ಅಂದರೆ ಕಾಯಿಲ್ (ಸುರುಳಿ ಸುತ್ತಿದ ಸ್ಟೀಲ್ ಹಾಳೆ), ಶೀಟ್, ಪ್ಲೇಟ್ ಮೇಲೆ. ಮನೆ ಕಟ್ಟುವ ಕಂಬಿ ಅದರಲ್ಲಿ ಇರಲೇ ಇಲ್ಲ. ಕಂಬಿ ದರ ಬೇರೆ ಕಾರಣಕ್ಕೆ ಏರಿರಬಹುದು, ಅದು ಬೇರೆ ವಿಷಯ. ಆದರೆ ನನಗೆ ಹೇಳಿದ ಕಾರಣ ತಪ್ಪು, ನಾನದನ್ನು ನಂಬಿದೆ. ಶೆಡ್ಡು, ಗೇಟು, ಗ್ರಿಲ್ಲು, ಅಡಿಕೆ ಗೋಡೌನ್ ಅಂತ ಹಾಸನ, ಬೇಲೂರು, ಚಿಕ್ಕಮಗಳೂರು, ಮೂಡಿಗೆರೆ ಕಡೆ ಕೆಲಸ ಮಾಡುವ ನನ್ನಂಥವರಿಗೂ, ಮನೆ ತೋಟಕ್ಕೆ ಸ್ಟೀಲ್ ಕೊಳ್ಳುವವರಿಗೂ ಇದು ಗೊತ್ತಿರಲಿ ಅಂತ ಕಲಿತದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಮೊದಲು ಮಾಡಬೇಕಾದ್ದು: ಯಾವ ಸುಂಕ ಅಂತ ಕೇಳಿ

ಹೊರಗಿನಿಂದ ಬರುವ ಸ್ಟೀಲ್ ಮೇಲೆ ಮಾಮೂಲಿ ಕಸ್ಟಮ್ಸ್ ಸುಂಕ ಸಾಮಾನ್ಯವಾಗಿ ಇರುತ್ತದೆ. ಅದರ ಮೇಲೆ ಮೂರು ಥರದ ವಿಶೇಷ ಸುಂಕ ಬೀಳಬಹುದು.

ಆ್ಯಂಟಿ ಡಂಪಿಂಗ್ ಸುಂಕ, ಪತ್ರಿಕೆಗಳು ಸುರಿ ತಡೆ ಸುಂಕ ಅಂತಲೂ ಬರೆಯುತ್ತವೆ. ಹೊರದೇಶದ ಕಾರ್ಖಾನೆ ತನ್ನ ಊರಿನಲ್ಲಿ ಮಾರುವುದಕ್ಕಿಂತ ಕಡಿಮೆ ಬೆಲೆಗೆ ನಮ್ಮಲ್ಲಿ ಮಾರಿದರೆ ಇದು ಬೀಳುತ್ತದೆ. ಇಂಥ ದೇಶ, ಇಂಥ ಕಂಪನಿ, ಇಂಥ ಮಾಲು ಅಂತ ಬೊಟ್ಟು ಮಾಡಿ ಹಾಕುವ ಸುಂಕ ಇದು. ಕಾನೂನು 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ 9ಎ ಕಲಂ, ಅದರ ಜೊತೆಗೆ 1995ರ ನಿಯಮಗಳು. ಸೇಫ್‌ಗಾರ್ಡ್ ಸುಂಕ ಹಾಗಲ್ಲ. ಅದರಲ್ಲಿ ಯಾರೂ ತಪ್ಪು ಮಾಡಿರಬೇಕಾಗಿಲ್ಲ, ಆಮದು ಇದ್ದಕ್ಕಿದ್ದಂತೆ ಏರಿ ಇಲ್ಲಿನ ಕಾರ್ಖಾನೆಗೆ ಪೆಟ್ಟು ಬಿದ್ದರೆ ಸಾಕು. ಮೂರನೆಯದು ಕೌಂಟರ್‌ವೇಲಿಂಗ್ ಸುಂಕ. ಹೊರಗಿನ ಸರ್ಕಾರ ತನ್ನ ಕಾರ್ಖಾನೆಗೆ ಸಬ್ಸಿಡಿ ಕೊಟ್ಟಿದ್ದರೆ ಅದನ್ನು ಸರಿದೂಗಿಸಲು ಹಾಕುತ್ತಾರೆ.

ಯಾರಾದರೂ "ಸುಂಕ ಬಿತ್ತು" ಅಂದರೆ ಸುಮ್ನೆ ತಲೆ ಆಡಿಸಬೇಡಿ. ಯಾವುದು, ಯಾವ ಮಾಲಿಗೆ, ಯಾವ ದೇಶದ್ದು ಅಂತ ಕೇಳಿ. ಹತ್ತಕ್ಕೆ ಏಳೆಂಟು ಸಲ ಮಾತು ಅಲ್ಲೇ ತಣ್ಣಗಾಗುತ್ತದೆ.

ಡಂಪಿಂಗ್ ಅಂದರೆ ಬರೀ ಅಗ್ಗ ಅಂತಲ್ಲ

ಇದನ್ನು ಸರಿಯಾಗಿ ಹಿಡಿದರೆ ಮುಂದಿನದೆಲ್ಲ ಸಲೀಸು. ನಮ್ಮ ಆಲೂಗಡ್ಡೆ ಲೆಕ್ಕದಲ್ಲೇ ನೋಡೋಣ. ಹೊರಗಿನ ವ್ಯಾಪಾರಿಯೊಬ್ಬ ತನ್ನ ಊರಿನಲ್ಲಿ ಕೆಜಿಗೆ 25 ರೂಪಾಯಿಗೆ ಮಾರುತ್ತಾನೆ. ಅದೇ ಆಲೂಗಡ್ಡೆಯನ್ನು ಹಾಸನಕ್ಕೆ ಕಳಿಸುವಾಗ 20ಕ್ಕೆ ಕೊಡುತ್ತಾನೆ. ಎರಡೂ ಅವನ ಬಾಗಿಲ ಬೆಲೆ, ಲಾರಿ ಬಾಡಿಗೆ ಸೇರಿಲ್ಲ. ಈ 5 ರೂಪಾಯಿಯೇ ಡಂಪಿಂಗ್ ಮಾರ್ಜಿನ್. ಶೇಕಡಾ ಲೆಕ್ಕ ಹಾಕುವುದು ಇಲ್ಲಿಗೆ ಕೊಟ್ಟ ಬೆಲೆಯ ಮೇಲೆ, ಹಾಗಾಗಿ 20ರ ಮೇಲೆ 5 ಅಂದರೆ ಶೇ 25. ಅವನ ಊರಿನಲ್ಲೂ 20ಕ್ಕೇ ಮಾರುತ್ತಿದ್ದರೆ, ನಮ್ಮ ರೈತರಿಗೆ ಎಷ್ಟೇ ಕಷ್ಟವಾಗಲಿ, ಅದು ಡಂಪಿಂಗ್ ಅಲ್ಲ.

ಇನ್ನೊಂದು ಲೆಕ್ಕವೂ ಇದೆ. ಲಾರಿ ಬಾಡಿಗೆ ಸೇರಿ ಆ ಆಲೂಗಡ್ಡೆ ನಮ್ಮ ಮಾರುಕಟ್ಟೆಗೆ 21ಕ್ಕೆ ಬಂದು ಬೀಳುತ್ತದೆ ಅನ್ನಿ. ನಮ್ಮ ರೈತರಿಗೆ ಖರ್ಚು ಕಳೆದು ನ್ಯಾಯವಾದ ಲಾಭ ಸಿಗಬೇಕಾದರೆ 24 ಬೇಕು. ಈ 3 ರೂಪಾಯಿಯ ಅಂತರಕ್ಕೆ ಇಂಜುರಿ ಮಾರ್ಜಿನ್ ಅಂತಾರೆ, ಅಂದರೆ ಹಾನಿಯ ಅಂತರ. ನಮ್ಮ ದೇಶದಲ್ಲಿ ಈ ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ಸುಂಕ. ಇಲ್ಲಿ 5 ಅಲ್ಲ, 3. ಕಾರ್ಖಾನೆಗೆ ಆದ ಹಾನಿ ತುಂಬಿದರೆ ಸಾಕು, ಅದಕ್ಕಿಂತ ಹೆಚ್ಚಿನ ಹೊರೆ ಕೊಳ್ಳುವವನ ಮೇಲೆ ಬೇಡ ಅನ್ನುವ ನಿಯಮ ಇದು. ನನ್ನ ಮಟ್ಟಿಗೆ ಇಡೀ ಕಾನೂನಿನಲ್ಲಿ ನಮ್ಮಂಥವರ ಪರ ಇರುವ ಅತಿ ಒಳ್ಳೆಯ ಸಾಲು.

ಸುಂಕ ಬೀಳಬೇಕಾದರೆ ಮೂರೂ ಸಾಬೀತಾಗಬೇಕು: ಡಂಪಿಂಗ್ ಆಗಿದೆ, ಇಲ್ಲಿನ ಕಾರ್ಖಾನೆಗಳಿಗೆ ಹಾನಿಯಾಗಿದೆ, ಹಾನಿಗೆ ಕಾರಣ ಆ ಡಂಪಿಂಗೇ. ಮಾರ್ಜಿನ್ ಶೇ 2ಕ್ಕಿಂತ ಕಡಿಮೆ ಇದ್ದರೆ ಕೇಸು ನಿಲ್ಲುವುದಿಲ್ಲ. ಒಟ್ಟು ಆಮದಿನಲ್ಲಿ ಒಂದು ದೇಶದ ಪಾಲು ಶೇ 3ಕ್ಕಿಂತ ಕಡಿಮೆ ಇದ್ದರೂ ಸಾಮಾನ್ಯವಾಗಿ ಆ ದೇಶವನ್ನು ಬಿಡುತ್ತಾರೆ. ಅಂಥ ಸಣ್ಣ ಸಣ್ಣ ದೇಶಗಳೆಲ್ಲ ಕೂಡಿ ಶೇ 7 ದಾಟಿದರೆ ಮಾತ್ರ ಬಿಡುವುದಿಲ್ಲ.

ಯಾರು ಹೇಳಿದರು, ಯಾವ ಹಂತದಲ್ಲಿ ಹೇಳಿದರು ಅಂತ ನೋಡಿ

ಪತ್ರಿಕೆಯಲ್ಲಿ "ಸುಂಕಕ್ಕೆ ಶಿಫಾರಸು" ಅಂತ ಬಂದ ಮರುದಿನವೇ ಅಂಗಡಿಯಲ್ಲಿ ದರ ಏರುತ್ತದೆ. ಶಿಫಾರಸು ಬೇರೆ, ಆದೇಶ ಬೇರೆ.

ತನಿಖೆ ಮಾಡುವುದು ಡಿಜಿಟಿಆರ್. ಕೇಂದ್ರ ವಾಣಿಜ್ಯ ಸಚಿವಾಲಯದ ಕೆಳಗಿರುವ ವ್ಯಾಪಾರ ಪರಿಹಾರಗಳ ಮಹಾನಿರ್ದೇಶನಾಲಯ, 2018ರಲ್ಲಿ ಈ ಹೆಸರು ಪಡೆಯಿತು. ಅದು ಲೆಕ್ಕ ಹಾಕಿ ಶಿಫಾರಸು ಮಾಡುತ್ತದೆ, ಅಷ್ಟೇ. ಸುಂಕ ಹಾಕುವುದು ಬಿಡುವುದು ಹಣಕಾಸು ಸಚಿವಾಲಯದ ಕೈಯಲ್ಲಿದೆ. ಅವರು ಒಪ್ಪಿ ಕಸ್ಟಮ್ಸ್ ಅಧಿಸೂಚನೆ ಹೊರಡಿಸಿದ ಮೇಲೆಯೇ ಬಂದರಿನಲ್ಲಿ ಒಂದು ರೂಪಾಯಿಯಾದರೂ ವಸೂಲಾಗುವುದು. ಡಿಜಿಟಿಆರ್ ಶಿಫಾರಸು ಮಾಡಿದರೂ ಹಣಕಾಸು ಸಚಿವಾಲಯ ಸುಂಕ ಹಾಕದೆ ಬಿಟ್ಟದ್ದೂ ಇದೆ.

ದಾರಿ ಹೀಗೆ ಸಾಗುತ್ತದೆ. ಕಾರ್ಖಾನೆಗಳು ಅರ್ಜಿ ಹಾಕುತ್ತವೆ. ಡಿಜಿಟಿಆರ್ ತನಿಖೆ ಶುರು ಮಾಡಿದ ಪ್ರಕಟಣೆ ಹೊರಡಿಸುತ್ತದೆ. ಪ್ರಶ್ನಾವಳಿ, ಉತ್ತರ, ವಿಚಾರಣೆ ನಡೆಯುತ್ತವೆ. ಗೊತ್ತಾದ ಸಂಗತಿಗಳನ್ನೆಲ್ಲ ಎಲ್ಲರ ಮುಂದಿಡುವ ಡಿಸ್‌ಕ್ಲೋಶರ್ ಸ್ಟೇಟ್‌ಮೆಂಟ್ ಬರುತ್ತದೆ. ಕೊನೆಗೆ ಅಂತಿಮ ತೀರ್ಮಾನ. ಇದಕ್ಕೆಲ್ಲ ಒಂದು ವರ್ಷದ ಗಡುವು, ಬೇಕಾದರೆ ಇನ್ನು ಆರು ತಿಂಗಳು ಸಿಗುತ್ತದೆ. ಅಂತಿಮ ತೀರ್ಮಾನ ಬಂದ ಮೂರು ತಿಂಗಳೊಳಗೆ ಹಣಕಾಸು ಸಚಿವಾಲಯ ನಿರ್ಧರಿಸಬೇಕು. ನಡುವೆ ತಾತ್ಕಾಲಿಕ ಸುಂಕವನ್ನೂ ಹಾಕಬಹುದು, ಆದರೆ ತನಿಖೆ ಶುರುವಾಗಿ 60 ದಿನ ಆಗುವವರೆಗೆ ಅದೂ ಸಾಧ್ಯವಿಲ್ಲ.

ವಿಯೆಟ್ನಾಂನ ಹಾಟ್ ರೋಲ್ಡ್ ಸ್ಟೀಲ್, ಅಂದರೆ ಕಾಯಿಸಿ ಉರುಳೆಗಳ ನಡುವೆ ಚಪ್ಪಟೆ ಮಾಡಿದ ಸ್ಟೀಲ್, ಅದರ ಕೇಸು ನೋಡಿ. ತನಿಖೆ ಶುರುವಾಗಿದ್ದು 2024ರ ಆಗಸ್ಟ್. ಡಿಜಿಟಿಆರ್ ಶಿಫಾರಸು 2025ರ ಆಗಸ್ಟ್. ಸುಂಕದ ಆದೇಶ 2025ರ ನವೆಂಬರ್. ಹದಿನೈದು ತಿಂಗಳು! ಆ್ಯಂಟಿ ಡಂಪಿಂಗ್ ಸುಂಕ ರಾತ್ರೋರಾತ್ರಿ ಬೀಳುವುದಿಲ್ಲ. ತಿಂಗಳಿಗೊಂದು ಸಲ ಡಿಜಿಟಿಆರ್ ವೆಬ್‌ಸೈಟ್ ತೆರೆದು ಯಾವ ತನಿಖೆ ನಡೆಯುತ್ತಿದೆ ಅಂತ ನೋಡಿದರೆ, ಮುಂದಿನ ವರ್ಷ ಯಾವ ಮಾಲು ಬಿಗಿಯಾಗಬಹುದು ಅಂತ ಈಗಲೇ ತಿಳಿಯುತ್ತದೆ.

ಆದೇಶದ ಪಟ್ಟಿ ಓದುವುದು

ಅಧಿಸೂಚನೆ ಸಿಗುವುದು ಕಸ್ಟಮ್ಸ್, ಜಿಎಸ್‌ಟಿ ನೋಡಿಕೊಳ್ಳುವ ಕೇಂದ್ರದ ಮಂಡಳಿ ಸಿಬಿಐಸಿಯ ವೆಬ್‌ಸೈಟ್‌ನಲ್ಲಿ ಮತ್ತು ಕೇಂದ್ರದ ಗೆಜೆಟ್‌ನಲ್ಲಿ. ಹಿಂದಿ, ಇಂಗ್ಲಿಷ್ ಎರಡೇ. ಕನ್ನಡದಲ್ಲಿ ಬರಬೇಕಿತ್ತು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ, ಏಕೆಂದರೆ ಈ ಕಾಗದದ ಬಿಸಿ ತಟ್ಟುವುದು ಬೇಲೂರಿನ ವೆಲ್ಡರ್‌ಗೂ ಹೌದು. ಸದ್ಯಕ್ಕೆ ಕಾಲೇಜಿಗೆ ಹೋಗುವ ಮಕ್ಕಳನ್ನೋ ನಿಮ್ಮ ಜಿಎಸ್‌ಟಿ ನೋಡುವವರನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೊದಲ ಎರಡು ಪುಟದ ಕಾನೂನಿನ ಭಾಷೆ ಬಿಡಿ, ನೇರ ಪಟ್ಟಿಗೆ ಹೋಗಿ.

ಪಟ್ಟಿಯಲ್ಲಿ ಎಡಗಡೆ ಟ್ಯಾರಿಫ್ ನಂಬರ್ ಇರುತ್ತದೆ. ಬರೆದಿಟ್ಟುಕೊಳ್ಳಿ: 7208 ಅಂದರೆ ಹಾಟ್ ರೋಲ್ಡ್, 7209 ಕೋಲ್ಡ್ ರೋಲ್ಡ್, 7210 ಅಂದರೆ ಜಿಐ, ಕಲರ್ ಶೀಟ್‌ನಂಥ ಲೇಪನ ಇರುವ ಮಾಲು, 7213 ಮತ್ತು 7214 ಕಂಬಿ ಸರಳು, 7306 ವೆಲ್ಡ್ ಮಾಡಿದ ಪೈಪು. ಅಂಗಡಿಯ ಜಿಎಸ್‌ಟಿ ಬಿಲ್ಲಿನಲ್ಲೂ ಎಚ್‌ಎಸ್‌ಎನ್ ಅಂತ ಇದೇ ನಂಬರ್ ಇರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಇದೇ. ಪೈಪ್ ಬಿಲ್ಲಿನಲ್ಲಿ 7306 ಇದ್ದು, ಆದೇಶದಲ್ಲಿ 7208 ಇದ್ದರೆ, ಸುಂಕ ಬಿದ್ದಿರುವುದು ಪೈಪಿನ ಮೇಲೆ ಅಲ್ಲ, ಪೈಪ್ ಮಾಡುವ ಕಾಯಿಲ್ ಮೇಲೆ.

ನಂಬರ್ ಒಂದೇ ಸಾಲದು, ಪಕ್ಕದ ವಿವರಣೆಯನ್ನೂ ಓದಿ, ಅಂತಿಮವಾಗಿ ನಡೆಯುವುದು ಅದೇ. ವಿಯೆಟ್ನಾಂ ಆದೇಶದಲ್ಲಿ ಮಾಲು ಅಂದರೆ ಲೇಪನ ಇಲ್ಲದ, 25 ಎಂಎಂವರೆಗಿನ ದಪ್ಪ, 2100 ಎಂಎಂವರೆಗಿನ ಅಗಲದ ಹಾಟ್ ರೋಲ್ಡ್ ಸ್ಟೀಲ್. ಸ್ಟೇನ್‌ಲೆಸ್ ಸ್ಟೀಲ್ ಹೊರಗಿದೆ. ಛಾವಣಿಗೆ ಹಾಕುವ ಶೀಟ್‌ಗೂ ಈ ಆದೇಶಕ್ಕೂ ನೇರ ಸಂಬಂಧ ಇಲ್ಲ.

ಮುಂದೆ ಎರಡು ದೇಶಗಳ ಅಂಕಣ ಬರುತ್ತದೆ. ಮಾಲು ತಯಾರಾದ ದೇಶ ಒಂದು, ಹಡಗು ಹತ್ತಿದ ದೇಶ ಒಂದು. ವಿಯೆಟ್ನಾಂ ಮಾಲನ್ನು ಬೇರೆ ಬಂದರಿನ ಮೂಲಕ ಸುತ್ತಿಸಿ ತಂದರೂ ಸುಂಕ ತಪ್ಪದಿರಲಿ ಅಂತ ಈ ಏರ್ಪಾಡು. ಆಮೇಲೆ ತಯಾರಕರ ಹೆಸರು. ಅಸಡ್ಡೆಯಿಂದ ದಾಟಿ ಹೋಗುವುದು ಇದನ್ನೇ. ಅದೇ ಆದೇಶದಲ್ಲಿ ಹೋವಾ ಫಾಟ್ ಕಂಪನಿಯ ಡುಂಗ್ ಕ್ವಾಟ್ ಕಾರ್ಖಾನೆಯ ಮಾಲಿಗೆ ಸುಂಕ ಸೊನ್ನೆ. ಉಳಿದ ವಿಯೆಟ್ನಾಂ ಮಾಲಿಗೆ ಟನ್ನಿಗೆ 121.55 ಡಾಲರ್, ಐದು ವರ್ಷಕ್ಕೆ. ಒಂದೇ ದೇಶ, ಒಂದೇ ಮಾಲು, ಒಬ್ಬರಿಗೆ ಸೊನ್ನೆ, ಇನ್ನೊಬ್ಬರಿಗೆ 121.55. "ವಿಯೆಟ್ನಾಂ ಮಾಲು ಸಾರ್, ಸುಂಕ ಬಿದ್ದಿದೆ" ಅನ್ನುವುದು ಅರ್ಧ ಸತ್ಯ ಆಗುವುದು ಇಲ್ಲೇ.

ಕೊನೆಯಲ್ಲಿ ಮೊತ್ತ. ಅದು ಮೂರು ರೀತಿಯಲ್ಲಿ ಬರಬಹುದು: ಟನ್ನಿಗೆ ಇಷ್ಟು ಡಾಲರ್ ಅಂತ ಗಟ್ಟಿ ಮೊತ್ತ, ಬೆಲೆಯ ಮೇಲೆ ಶೇಕಡಾ, ಇಲ್ಲವೇ ಒಂದು ಗಡಿ ಬೆಲೆ. ಗಡಿ ಬೆಲೆಯಲ್ಲಿ ಮಾಲು ಅದಕ್ಕಿಂತ ಕಡಿಮೆಗೆ ಬಂದರೆ ವ್ಯತ್ಯಾಸದಷ್ಟೇ ಸುಂಕ, ಮೇಲಿದ್ದರೆ ಏನೂ ಇಲ್ಲ. 2017ರಲ್ಲಿ ಚೀನಾ, ಜಪಾನ್, ಕೊರಿಯಾ, ರಷ್ಯಾ, ಬ್ರೆಜಿಲ್, ಇಂಡೊನೇಷ್ಯಾದ ಹಾಟ್ ರೋಲ್ಡ್ ಮಾಲಿಗೆ ಹೀಗೆ ಟನ್ನಿಗೆ 478ರಿಂದ 561 ಡಾಲರ್ ಗಡಿ ಇಟ್ಟಿದ್ದರು. ಗಡಿ ಬೆಲೆ ಇದ್ದಾಗ ವಿದೇಶಿ ದರ ತಾನಾಗಿಯೇ ಏರಿದರೆ ಸುಂಕ ಕಾಗದದ ಮೇಲಿದ್ದೂ ಇಲ್ಲದಂತೆ.

ಕೆಜಿಗೆ ಎಷ್ಟು ಅಂತ ಇಳಿಸಿ

ಡಾಲರ್, ಟನ್ನು ಅಂತ ಇದ್ದರೆ ನಮಗೆ ಅಂದಾಜು ಸಿಗುವುದಿಲ್ಲ. ಕೆಜಿಗೆ ಇಳಿಸಿಕೊಳ್ಳಿ. ಲೆಕ್ಕಕ್ಕೆ ಡಾಲರ್ 85 ರೂಪಾಯಿ ಅಂತ ಇಟ್ಟುಕೊಳ್ಳೋಣ, ನೀವು ಆ ದಿನದ ದರ ಹಾಕಿ. 121.55 ಗುಣಿಸು 85, ಟನ್ನಿಗೆ 10,332 ರೂಪಾಯಿ. ಕೆಜಿಗೆ 10 ರೂಪಾಯಿ 33 ಪೈಸೆ. ಇದರ ಮೇಲೂ ಆಮದಿಗೆ ಹಾಕುವ ಜಿಎಸ್‌ಟಿ, ಅಂದರೆ ಶೇ 18 ಐಜಿಎಸ್‌ಟಿ ಬೀಳುತ್ತದೆ, ಆದರೆ ಆಮದುದಾರರಿಗೆ ಅದು ಕ್ರೆಡಿಟ್ ಆಗಿ ವಾಪಸ್ ಸಿಗುತ್ತದೆ. ಆ್ಯಂಟಿ ಡಂಪಿಂಗ್ ಸುಂಕಕ್ಕೆ ಕ್ರೆಡಿಟ್ ಇಲ್ಲ, ಅದು ಖರ್ಚೇ.

ಈಗ ಕೈಯಲ್ಲಿರುವ ಮಾಲಿಗೆ ಹೊಂದಿಸಿ. ಎರಡಿಂಚಿನ ಸ್ಕ್ವೇರ್ ಪೈಪ್, 2 ಎಂಎಂ ಗೋಡೆ, 20 ಅಡಿ ಉದ್ದ, ತಕ್ಕಡಿಗೆ ಹಾಕಿದರೆ ಹೆಚ್ಚುಕಮ್ಮಿ 18 ಕೆಜಿ. ಪೂರ್ತಿ ಸುಂಕ ಬಿದ್ದ ಕಾಯಿಲ್‌ನಿಂದಲೇ ಆ ಪೈಪ್ ಮಾಡಿ, ಪೂರ್ತಿ ಸುಂಕ ನಮ್ಮ ಮೇಲೇ ಹಾಕಿದರೂ ಒಂದು ಪೈಪಿಗೆ 186 ರೂಪಾಯಿ. 1,800 ಕೆಜಿ ಪೈಪು ಹಿಡಿಯುವ ಶೆಡ್‌ಗೆ 18,600. ಇದು ಗರಿಷ್ಠ. ಇದಕ್ಕಿಂತ ಜಾಸ್ತಿ ಕೇಳಿದರೆ ಅದು ಈ ಸುಂಕ ಅಲ್ಲ, ಬೇರೇನೋ.

ಶೇ 12ರ ಸೇಫ್‌ಗಾರ್ಡ್ ಸುಂಕಕ್ಕೂ ಇದೇ ದಾರಿ. ಕಾಯಿಲ್ ಬಂದರಿಗೆ ಟನ್ನಿಗೆ 45,000ಕ್ಕೆ ಬಂತು ಅನ್ನಿ, 5,400 ಸುಂಕ, ಕೆಜಿಗೆ 5 ರೂಪಾಯಿ 40 ಪೈಸೆ. ಆದರೆ ಅಲ್ಲೂ ಗಡಿ ಬೆಲೆ ಇತ್ತು. ಏಪ್ರಿಲ್ 2025ರ ಆದೇಶದಲ್ಲಿ ಹಾಟ್ ರೋಲ್ಡ್ ಕಾಯಿಲ್ ಟನ್ನಿಗೆ 675 ಡಾಲರ್‌ಗಿಂತ ಕಡಿಮೆಗೆ ಬಂದರೆ ಮಾತ್ರ ಸುಂಕ.

ನಮ್ಮ ಬಿಲ್ಲಿಗೆ ಎಷ್ಟು ಇಳಿಯುತ್ತದೆ

ಆಮದು ಮಾಲೇ ಕೊಳ್ಳದವರಿಗೂ ಸುಂಕದ ಬಿಸಿ ತಟ್ಟುತ್ತದೆ, ಇದನ್ನು ಮುಚ್ಚಿಡುವುದಿಲ್ಲ. ಹಾಸನಕ್ಕೆ ಬರುವ ಪೈಪು ಬಳ್ಳಾರಿ ಕಡೆಯ ತೋರಣಗಲ್ಲಿನ ಕಾಯಿಲ್‌ನದ್ದೇ ಆಗಿರಬಹುದು. ಆದರೆ ಇಲ್ಲಿನ ಕಾರ್ಖಾನೆ ದರ ಕಟ್ಟುವಾಗ ಹೊರಗಿನ ಮಾಲು ಬಂದರಿಗೆ ಎಷ್ಟಕ್ಕೆ ಬೀಳುತ್ತದೆ ಅಂತ ನೋಡಿಯೇ ಕಟ್ಟುತ್ತದೆ. ಅದು ದುಬಾರಿಯಾದರೆ ಇಲ್ಲಿನದಕ್ಕೂ ಏರಲು ಜಾಗ ಸಿಗುತ್ತದೆ. ಹಾಗಂತ ಸುಂಕದ ಪೂರ್ತಿ ಮೊತ್ತ ಅವತ್ತೇ ಏರುವುದಿಲ್ಲ. ಮಾರುಕಟ್ಟೆ ತಣ್ಣಗಿದ್ದರೆ ಏರದೆಯೂ ಇರುತ್ತದೆ.

ಅಂಗಡಿಯವರನ್ನು ಕೇಳಬೇಕಾದ್ದು ಇಷ್ಟು: ಈ ಮಾಲು ಯಾವ ಮಿಲ್ಲಿನದು, ನಿಮಗೆ ಬಿಲ್ ಆಗಿದ್ದು ಯಾವ ತಾರೀಕು, ಸುಂಕದ ಆದೇಶದ ನಂಬರ್ ಏನು? ಆದೇಶಕ್ಕೆ ಮುಂಚೆ ಬಂದು ಗೋಡೌನಿನಲ್ಲಿ ಕೂತ ಮಾಲಿಗೆ ಸುಂಕ ಕಟ್ಟಿರುವುದಿಲ್ಲ. ಜಗಳ ಬೇಡ, ನಾಳೆಯೂ ಅವರ ಹತ್ತಿರವೇ ಸಾಲಕ್ಕೆ ಮಾಲು ಎತ್ತಬೇಕು. ಲೆಕ್ಕ ಗೊತ್ತಿದ್ದು ಮೆತ್ತಗೆ ಕೇಳಿದರೆ ಅವರೂ ಮೆತ್ತಗೆ ಒಂದೆರಡು ರೂಪಾಯಿ ಇಳಿಸುತ್ತಾರೆ, ನನ್ನ ಅನುಭವ ಇದು.

ಎಸ್ಟಿಮೇಟ್ ಕೊಡುವ ಸ್ನೇಹಿತರೇ, ಕೆಳಗೆ ಈ ಎರಡು ಸಾಲು ಸೇರಿಸಿ: "ಈ ಅಂದಾಜು ಇಂದಿನ ಸ್ಟೀಲ್ ದರದ ಮೇಲೆ, 10 ದಿನಕ್ಕೆ ಮಾತ್ರ. ದರ ಏರಿದರೆ ಕೆಜಿಗೆ ಎಷ್ಟು ಏರಿತೋ ಅಷ್ಟನ್ನು ಅಂಗಡಿ ಬಿಲ್ ತೋರಿಸಿ ಸೇರಿಸಲಾಗುವುದು, ಇಳಿದರೆ ಅಷ್ಟನ್ನೇ ಕಡಿಮೆ ಮಾಡಲಾಗುವುದು." ಇಳಿದರೆ ಕಡಿಮೆ ಮಾಡುತ್ತೇವೆ ಅನ್ನುವುದನ್ನು ಬಿಡಬೇಡಿ. ಅದಿದ್ದರೇ ಬೆಳೆಗಾರರು ಒಪ್ಪುವುದು. ಸಕಲೇಶಪುರದ ಆ ಶೆಡ್ ಆದಮೇಲೆ ನನ್ನ ಪ್ರತಿ ಎಸ್ಟಿಮೇಟಿನಲ್ಲೂ ಇದಿದೆ, ಇದುವರೆಗೆ ಯಾರೂ ತಕರಾರು ಮಾಡಿಲ್ಲ.

ತನಿಖೆ ನಡೆಯುತ್ತಿರುವಾಗಲೇ ನಮ್ಮ ಮಾತು ಹೇಳುವುದು

ಈ ಬರಹ ಬರೆಯಲು ಕೂತಿದ್ದೇ ಇದಕ್ಕಾಗಿ. ಸುಂಕ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ತರೀಕೆರೆಯಿಂದ ಭದ್ರಾವತಿ ಕೂಗಳತೆ ದೂರ. 1923ರಲ್ಲಿ ಶುರುವಾದ ಅಲ್ಲಿನ ಕಬ್ಬಿಣದ ಕಾರ್ಖಾನೆ ಸೊರಗಿದಾಗ ಊರು ಹೇಗಾಯಿತು ಅಂತ ಆ ಕಡೆಯವರೆಲ್ಲ ನೋಡಿದ್ದಾರೆ. ಕಾರ್ಖಾನೆ ಉಳಿಯಬೇಕು. ಆದರೆ ಕಾರ್ಖಾನೆಯ ಲೆಕ್ಕ ಹೇಳಲು ದೆಹಲಿಯಲ್ಲಿ ದೊಡ್ಡ ದೊಡ್ಡ ವಕೀಲರಿದ್ದಾರೆ, ಸ್ಟೀಲ್ ಕೊಂಡು ಕೆಲಸ ಮಾಡುವವನ ಲೆಕ್ಕ ಹೇಳಲು ಯಾರೂ ಹೋಗುವುದಿಲ್ಲ.

1995ರ ನಿಯಮಗಳಲ್ಲಿ 6ನೇ ನಿಯಮದ ಐದನೇ ಉಪನಿಯಮ ಓದಿ. ಆ ಮಾಲನ್ನು ಬಳಸುವ ಉದ್ಯಮಗಳಿಗೂ, ಚಿಲ್ಲರೆಯಾಗಿ ಮಾರಾಟವಾಗುವ ಮಾಲಾದರೆ ಗ್ರಾಹಕ ಸಂಘಟನೆಗಳಿಗೂ, ತಮ್ಮ ಮಾಹಿತಿ ಕೊಡಲು ಅವಕಾಶ ಕೊಡಬೇಕು ಅಂತ ಸ್ಪಷ್ಟವಾಗಿದೆ. ಅಂತಿಮ ತೀರ್ಮಾನದ ಕಾಗದದಲ್ಲಿ ಬಳಕೆದಾರರ ಮೇಲೆ ಏನು ಪರಿಣಾಮ ಅಂತ ಒಂದು ಭಾಗವೇ ಇರುತ್ತದೆ. ಬಳಸುವವರು ಅಂಕಿ ಕೊಡದಿದ್ದರೆ ಅಲ್ಲಿಗೆ ಕಾರ್ಖಾನೆಗಳು ಕೊಟ್ಟ ಅಂಕಿಯೇ ಹೋಗಿ ಕೂರುತ್ತದೆ.

ಮಾಡುವುದು ಹೀಗೆ. ತನಿಖೆ ಶುರುವಾದ ಪ್ರಕಟಣೆ ಬಂದ ಕೂಡಲೇ ತಾರೀಕು ಗುರುತು ಹಾಕಿಕೊಳ್ಳಿ, ಉತ್ತರಕ್ಕೆ ಸಾಮಾನ್ಯವಾಗಿ 30 ದಿನ ಇರುತ್ತದೆ, ಎಲ್ಲಿಗೆ ಕಳಿಸಬೇಕು ಅಂತ ಪ್ರಕಟಣೆಯಲ್ಲೇ ಇರುತ್ತದೆ. ಒಬ್ಬೊಬ್ಬರೇ ಬರೆಯುವುದಕ್ಕಿಂತ ಜಿಲ್ಲೆಯ ಸಣ್ಣ ಕೈಗಾರಿಕೆಗಳ ಸಂಘದ ಲೆಟರ್‌ಹೆಡ್‌ನಲ್ಲಿ ಹೋದರೆ ತೂಕ ಜಾಸ್ತಿ. ಕಷ್ಟ ಕಷ್ಟ ಅಂತ ಬರೆದರೆ ಯಾರೂ ಓದುವುದಿಲ್ಲ, ಅಂಕಿ ಬರೆಯಿರಿ. ವರ್ಷಕ್ಕೆ ಎಷ್ಟು ಟನ್ ಕೊಳ್ಳುತ್ತೀರಿ, ಯಾವ ದಪ್ಪ, ಒಂದು ಶೆಡ್ಡಿನ ಖರ್ಚಿನಲ್ಲಿ ಸ್ಟೀಲ್ ಪಾಲು ಎಷ್ಟು, ಕೆಜಿಗೆ ಹತ್ತು ರೂಪಾಯಿ ಏರಿದರೆ ಎಷ್ಟು ಆರ್ಡರ್ ತಪ್ಪುತ್ತದೆ, ಎಷ್ಟು ಜನಕ್ಕೆ ಕೆಲಸ ಕೊಟ್ಟಿದ್ದೀರಿ. ನಿಮಗೆ ಬೇಕಾದ ಗ್ರೇಡ್ ಇಲ್ಲಿ ತಯಾರಾಗುವುದೇ ಇಲ್ಲವಾದರೆ ಅದನ್ನು ಎಲ್ಲಕ್ಕಿಂತ ಮೇಲೆ ಬರೆಯಿರಿ. ಮಿಲ್ಲಿನವರಿಗೆ ಕೇಳಿ "ಇಲ್ಲ" ಅಂತ ಬಂದ ಮೇಲ್ ಇದ್ದರೆ ಲಗತ್ತಿಸಿ, ಅಂಥ ಮಾಲನ್ನು ಸುಂಕದಿಂದ ಹೊರಗಿಡಿ ಅಂತ ಕೇಳಲು ಅದಕ್ಕಿಂತ ಗಟ್ಟಿ ದಾಖಲೆ ಇಲ್ಲ. ನಿಮ್ಮ ಖರೀದಿ ದರ ಗುಟ್ಟಾಗಿರಬೇಕಾದರೆ ಎರಡು ಪ್ರತಿ ಮಾಡಿ: ಒಂದು ಪೂರ್ತಿಯಾದದ್ದು, ಇನ್ನೊಂದು ಗುಟ್ಟಿನ ಅಂಕಿ ತೆಗೆದು ಎಲ್ಲರೂ ನೋಡಬಹುದಾದದ್ದು. ಎರಡನೆಯದನ್ನು ಕೊಡದಿದ್ದರೆ ಮೊದಲನೆಯದನ್ನೂ ಬದಿಗಿಡಬಹುದು.

ಆದೇಶ ಬಂದ ಮೇಲೆ ಒಪ್ಪಿಗೆಯಾಗದಿದ್ದರೆ 90 ದಿನದೊಳಗೆ ಕಸ್ಟಮ್ಸ್ ತಕರಾರು ಕೇಳುವ ಸೆಸ್ಟಾಟ್ ನ್ಯಾಯಮಂಡಳಿಗೆ ಮೇಲ್ಮನವಿ ಹಾಕಬಹುದು. ಅದು ದೊಡ್ಡ ಆಮದುದಾರರ ದಾರಿ. ನಮಗೆ ತನಿಖೆ ಹಂತವೇ ಸರಿ.

ಮುಗಿಯುವ ತಾರೀಕು ಬರೆದಿಡಿ

ಆ್ಯಂಟಿ ಡಂಪಿಂಗ್ ಸುಂಕದ ಆಯಸ್ಸು ಐದು ವರ್ಷ. ಮುಗಿಯುವ ಮುಂಚೆ ಸನ್‌ಸೆಟ್ ರಿವ್ಯೂ ಅಂತ ಮರುಪರಿಶೀಲನೆ ಮಾಡಿ ಮುಂದುವರಿಸಬಹುದು. ನಡುವೆಯೇ ತೆಗೆದದ್ದೂ ಇದೆ. ಚೀನಾ, ವಿಯೆಟ್ನಾಂ, ಕೊರಿಯಾದ ಅಲ್ಯೂಮಿನಿಯಂ ಸತು ಲೇಪನದ ಶೀಟ್, ಅಂದರೆ ನಮ್ಮ ಮಲೆನಾಡಿನ ಮಳೆಗೆ ತಡೆಯುತ್ತದೆ ಅಂತ ಛಾವಣಿಗೆ ಹಾಕುವ ಅದೇ ಶೀಟ್ ಮೇಲಿನ ಸುಂಕವನ್ನು ಸರ್ಕಾರ 2021ರ ಬಜೆಟ್‌ನಲ್ಲಿ ತಡೆಹಿಡಿಯಿತು, 2022ರ ಬಜೆಟ್‌ನಲ್ಲಿ ಪೂರ್ತಿ ರದ್ದು ಮಾಡಿತು. ಆಗ ಸ್ಟೀಲ್ ದರ ವಿಪರೀತ ಏರಿತ್ತು, ಸಣ್ಣ ಕೈಗಾರಿಕೆಗಳು ದೂರುತ್ತಿದ್ದವು. ಅಂದರೆ ದೂರು ಅಲ್ಲಿಗೆ ಮುಟ್ಟುತ್ತದೆ.

ಸೇಫ್‌ಗಾರ್ಡ್ ಸುಂಕದ ಅಂತಿಮ ಆದೇಶ 2025ರ ಡಿಸೆಂಬರ್ 30ರಂದು ಬಂತು, ಮೊದಲ ಆದೇಶದ ಏಪ್ರಿಲ್ 21, 2025ರಿಂದಲೇ ಲೆಕ್ಕ ಹಿಡಿದು ಒಟ್ಟು ಮೂರು ವರ್ಷಕ್ಕೆ. ನಮ್ಮ ವರ್ಕ್‌ಶಾಪಿನ ಗೋಡೆಯಲ್ಲಿ, ಗೇಜ್ ಪಟ್ಟಿಯ ಪಕ್ಕ, ಸೀಮೆಸುಣ್ಣದಲ್ಲಿ ಹೀಗೆ ಬರೆದಿದ್ದೇನೆ: ಏಪ್ರಿಲ್ 20, 2026ರವರೆಗೆ ಶೇ 12. ಅಲ್ಲಿಂದ ಒಂದು ವರ್ಷ ಶೇ 11.5. ಆಮೇಲೆ ಶೇ 11, 2028ರ ಏಪ್ರಿಲ್ 20ಕ್ಕೆ ಮುಕ್ತಾಯ. ಅದರ ಕೆಳಗೆ ವಿಯೆಟ್ನಾಂ, 121.55, ನವೆಂಬರ್ 2030. ಅಂಗಡಿಯಿಂದ ಫೋನ್ ಬಂದರೆ ನಮ್ಮ ಹುಡುಗರು ಈಗ ಮೊದಲು ಆ ಗೋಡೆ ನೋಡುತ್ತಾರೆ.